ಓದಿಗೊಂದು ಕೋಣೆ

ವಿದ್ಯಾರ್ಜನೆಗಾಗಿ ಪರದೇಶಕ್ಕೆ ತೆರಳುವ ವಿದ್ಯಾರ್ಥಿಗೆ ಮೊದಲು ಎದುರಾಗುವುದು ವಸತಿಯ ಪ್ರಶ್ನೆ. ತಲೆಯ ಮೇಲೊಂದು ಸೂರು, ಹೊತ್ತಿಗೆ ಸರಿಯಾಗಿ ಒಗ್ಗುವ ಆಹಾರ, ಇರುಳಿನಲ್ಲಿ ನೆಮ್ಮದಿಯಿಂದ ಓದಲು ಒಂದು ದೀಪ, ಇವು ದೊರೆತ ಮೇಲೆಯೇ ವಿದ್ಯೆಯ ಮಾತು. ಡಾ. ಭೀಮರಾವ್ ಅಂಬೇಡ್ಕರ್ ಅವರ ಬಾಳಿನಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿತು. ನ್ಯೂಯಾರ್ಕ್, ಬರೋಡ, ಲಂಡನ್, ಈ ಮೂರು ನಗರಗಳಲ್ಲಿ ಅವರು ಹೂಡಿದ ಬಿಡಾರಗಳ ಕಥೆಯು ಅವರ ಜೀವನದ ಒಂದು ಮುಖ್ಯ ಅಧ್ಯಾಯವಾಗಿದೆ.

ಅಂಬೇಡ್ಕರರು 1891ರ ಏಪ್ರಿಲ್ 14ರಂದು ಇಂದಿನ ಮಧ್ಯಪ್ರದೇಶದ ಮಹೂ ಎಂಬಲ್ಲಿ ಜನಿಸಿದರು. ಅಸ್ಪೃಶ್ಯವೆಂದು ಸಮಾಜವು ದೂರವಿಟ್ಟಿದ್ದ ಮಹಾರ್ ಜಾತಿ ಅವರದು. ಬಾಲ್ಯದಲ್ಲಿಯೇ ಅವರ ಕುಟುಂಬ ಮುಂಬಯಿಗೆ ಬಂದು, ಪರೇಲಿನ ಕಾರ್ಮಿಕರ ವಠಾರವೊಂದರಲ್ಲಿ ನೆಲೆಸಿತು. ಅಲ್ಲಿ ಇಡೀ ಸಂಸಾರಕ್ಕೆ ಇದ್ದುದು ಒಂದೇ ಕೋಣೆ. ಅಡಿಗೆ, ಊಟ, ನಿದ್ರೆ ಎಲ್ಲವೂ ಅದರಲ್ಲಿಯೇ ನಡೆಯಬೇಕು. ಹಗಲಿನ ಗದ್ದಲದಲ್ಲಿ ಓದು ಸಾಗದು. ಆದುದರಿಂದ ತಂದೆ ರಾಮಜಿಯವರು ಮಗನನ್ನು ಬೇಗನೆ ಮಲಗಿಸಿ, ತಾವು ಎಚ್ಚರವಿದ್ದು, ರಾತ್ರಿ 2 ಗಂಟೆಗೆ ಎಬ್ಬಿಸಿ ಓದಲು ಕೂರಿಸುತ್ತಿದ್ದರು. ಊರು ಮಲಗಿದ್ದಾಗ ಸಣ್ಣ ದೀಪದ ಬೆಳಕಿನಲ್ಲಿ ಬಾಲಕನ ವ್ಯಾಸಂಗ ನಡೆಯುತ್ತಿತ್ತು.

ಬರೋಡ ಸಂಸ್ಥಾನದ ಅರಸರಾದ ಸಯಾಜಿರಾವ್ ಗಾಯಕವಾಡರು ಈ ಪ್ರತಿಭಾವಂತ ಯುವಕನ ಉಚ್ಚಶಿಕ್ಷಣಕ್ಕೆ ನೆರವಾದರು. ತಿಂಗಳಿಗೆ 11.5 ಪೌಂಡುಗಳಂತೆ 3 ವರ್ಷಗಳ ವಿದ್ಯಾರ್ಥಿವೇತನ ಮಂಜೂರಾಯಿತು. ಶಿಕ್ಷಣ ಮುಗಿದ ಮೇಲೆ 10 ವರ್ಷ ಸಂಸ್ಥಾನದ ಸೇವೆ ಸಲ್ಲಿಸಬೇಕೆಂಬುದು ಕರಾರು. ಮಗನಿಗಾಗಿ ನಿದ್ದೆಗೆಟ್ಟ ತಂದೆ ಅದನ್ನು ಕಾಣಲು ಉಳಿಯಲಿಲ್ಲ; ಅವರು ಅದೇ 1913ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಜುಲೈ ತಿಂಗಳಲ್ಲಿ ಅಂಬೇಡ್ಕರರು ನ್ಯೂಯಾರ್ಕ್ ನಗರವನ್ನು ಸೇರಿ, ಕೊಲಂಬಿಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾದರು.

ಹೊಸ ನಾಡಿನಲ್ಲಿ ಮೊದಲ ಬಿಡಾರವೇ ಹೊಂದಿಕೆಯಾಗಲಿಲ್ಲ. ಹಾರ್ಟ್‌ಲಿ ಹಾಲ್ ಎಂಬ ವಿದ್ಯಾರ್ಥಿನಿಲಯದಲ್ಲಿ ಅವರು ಇಳಿದುಕೊಂಡರು. ಆದರೆ ಅಲ್ಲಿಯ ಊಟ ಒಗ್ಗಲಿಲ್ಲ. ಸುಮಾರು ಒಂದು ವಾರದಲ್ಲಿಯೇ ಅದನ್ನು ಬಿಟ್ಟು, ಭಾರತೀಯ ವಿದ್ಯಾರ್ಥಿಗಳು ಕೆಲವರಿದ್ದ ಕಾಸ್ಮೊಪಾಲಿಟನ್ ಕ್ಲಬ್ಬಿಗೆ ಹೋದರು. ಕೊನೆಗೆ ಲಿವಿಂಗ್‌ಸ್ಟನ್ ಹಾಲ್ ಎಂಬ ವಿದ್ಯಾರ್ಥಿನಿಲಯದಲ್ಲಿ ನೆಲೆಯೂರಿದರು. ಅಲ್ಲಿ ಅವರ ಜೊತೆಗಾರರಾದವರು ನವಲ್ ಭತೇನಾ ಎಂಬ ಪಾರ್ಸಿ ತರುಣರು. ಆಗ ಬೆಳೆದ ಗೆಳೆತನ ಜೀವನಪರ್ಯಂತ ಉಳಿಯಿತು.

ಈ ಬಿಡಾರಗಳಲ್ಲಿ ಅಂಬೇಡ್ಕರರಿಗೆ ಅದುವರೆಗೆ ಕಾಣದಿದ್ದ ಒಂದು ಅನುಭವ ದೊರೆಯಿತು. ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಪ್ರತ್ಯೇಕವಾಗಿ ಕುಳಿತ, ಜವಾನನು ಮೇಲಿನಿಂದ ನೀರು ಸುರಿಯದಿದ್ದರೆ ಬಾಯಾರಿಯೇ ಇರಬೇಕಾಗಿದ್ದ ಬಾಲಕ ಅವರು. ಇಲ್ಲಿಯಾದರೋ ಸಹಪಾಠಿಗಳ ಮೇಜಿನಲ್ಲಿಯೇ ಊಟ. ಅವರಿಗಿದ್ದ ನೀರೇ ಇವರಿಗೂ ನೀರು. ಜಾತಿಯನ್ನು ಕೇಳುವವರಿರಲಿಲ್ಲ. ಪರದೇಶದಲ್ಲಿ ಕಳೆದ ಆ ವರ್ಷಗಳು ತಾವು ಅಸ್ಪೃಶ್ಯರೆಂಬ ಪ್ರಜ್ಞೆಯನ್ನೇ ಮನಸ್ಸಿನಿಂದ ಅಳಿಸಿಹಾಕಿದ್ದುವೆಂದು ಅವರು ತಮ್ಮ ಆತ್ಮಕಥನದ ಬರಹದಲ್ಲಿ ಹೇಳಿಕೊಂಡಿದ್ದಾರೆ. ಅಮೆರಿಕವು ಭೇದಭಾವಗಳಿಲ್ಲದ ನಾಡಾಗಿತ್ತೆಂದು ಇದರ ಅರ್ಥವಲ್ಲ. ಅಲ್ಲಿಯ ಕರಿಯ ಜನರು ಬಣ್ಣದ ಕಾರಣದಿಂದ ಕಡುಕಷ್ಟಕ್ಕೆ ಗುರಿಯಾಗಿದ್ದರು. ಅವರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಕುರಿತು ಅಂಬೇಡ್ಕರರು 1946ರಲ್ಲಿ, ಕರಿಯ ಜನರ ನಾಯಕರಾದ ಡು ಬಾಯ್ಸ್ ಅವರಿಗೆ ಪತ್ರ ಬರೆದರು.

ದೊರೆತ ಅವಕಾಶದ ಒಂದು ಗಳಿಗೆಯನ್ನೂ ಅವರು ವ್ಯರ್ಥಮಾಡಲಿಲ್ಲ. ವಿದ್ಯಾರ್ಥಿವೇತನದಲ್ಲಿ ಒಂದಷ್ಟನ್ನು ಮನೆಗೆ ಕಳುಹಿಸಿ, ಉಳಿದುದರಲ್ಲಿ ಮಿತವಾಗಿ ಉಂಡು, ಹಳೆಯ ಪುಸ್ತಕಗಳ ಅಂಗಡಿಗಳಲ್ಲಿ ಗ್ರಂಥಗಳನ್ನು ಕೊಂಡರು. 1915ರಲ್ಲಿ ಎಂ.ಎ. ಪದವಿ ಪಡೆದರು. 1916ರ ಮೇ 9ರಂದು ಭಾರತದ ಜಾತಿಗಳ ಉಗಮವನ್ನು ಕುರಿತ ಪ್ರಬಂಧವನ್ನು ವಿದ್ವಾಂಸರ ಮುಂದೆ ಓದಿದರು. ಅದೇ ವರ್ಷ ಲಂಡನ್ನಿಗೆ ತೆರಳಿ ಅರ್ಥಶಾಸ್ತ್ರ ಮತ್ತು ನ್ಯಾಯಶಾಸ್ತ್ರಗಳ ವ್ಯಾಸಂಗವನ್ನು ಆರಂಭಿಸಿದರು. ಆದರೆ ವಿದ್ಯಾರ್ಥಿವೇತನದ ಅವಧಿ ಮುಗಿದುದರಿಂದ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ, 1917ರಲ್ಲಿ ಸ್ವದೇಶಕ್ಕೆ ಮರಳಬೇಕಾಯಿತು.

ಕರಾರಿನಂತೆ ಸಂಸ್ಥಾನದ ಸೇವೆಗಾಗಿ ಅಂಬೇಡ್ಕರರು ಬರೋಡಕ್ಕೆ ಬಂದರು. ರೈಲುನಿಲ್ದಾಣದಲ್ಲಿ ಇಳಿದೊಡನೆಯೇ ಅವರನ್ನು ಕಾಡಿದ ಪ್ರಶ್ನೆ, ಎಲ್ಲಿ ತಂಗುವುದು ಎಂಬುದು. ಹಿಂದೂಗಳ ವಸತಿಗೃಹಗಳಲ್ಲಿ ತಮಗೆ ಪ್ರವೇಶವಿಲ್ಲವೆಂಬುದು ಅವರಿಗೆ ತಿಳಿದಿತ್ತು. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರನ್ನು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಬಾಡಿಗೆಯ ಮೇಲೆ ಆಶ್ರಯ ಪಡೆದರು. ಅಲ್ಲಿ ಬೇರೆ ಅತಿಥಿಗಳಾರೂ ಇರಲಿಲ್ಲ. ಹಳೆಯ ಸಾಮಾನುಗಳು ತುಂಬಿದ ಮಹಡಿ, ಮಂಕು ದೀಪ, ಹಾರಾಡುವ ಬಾವಲಿಗಳು. ಅದೊಂದು ಸೆರೆಮನೆಯಂತೆಯೇ ಇತ್ತು. ಆದರೂ ಬೇರೆ ದಾರಿಯಿಲ್ಲದೆ, ಓದಿನಲ್ಲಿ ಮನಸ್ಸನ್ನಿಟ್ಟು ಅವರು ದಿನಗಳನ್ನು ನೂಕಿದರು.

ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆಗಳನ್ನು ಹಿಡಿದ ಪಾರ್ಸಿಗಳ ಗುಂಪೊಂದು ಅವರ ಕೋಣೆಯ ಮುಂದೆ ಬಂದು ನಿಂತಿತು. ನೀನು ಯಾರು, ವಸತಿಗೃಹವನ್ನು ಅಪವಿತ್ರಗೊಳಿಸಲು ನಿನಗೆಷ್ಟು ಧೈರ್ಯ ಎಂದು ಗದರಿಸಿತು. ಸಂಜೆಯೊಳಗೆ ಜಾಗ ಖಾಲಿಮಾಡಬೇಕೆಂದು ಆಜ್ಞಾಪಿಸಿತು. ಅಂಬೇಡ್ಕರರು ಪರಿಚಿತರಾದ ಇಬ್ಬರನ್ನು, ಒಬ್ಬ ಹಿಂದುವನ್ನೂ ಒಬ್ಬ ಕ್ರೈಸ್ತರನ್ನೂ, ಆಶ್ರಯಕ್ಕಾಗಿ ಕೇಳಿದರು. ಅಸ್ಪೃಶ್ಯನೊಬ್ಬ ಮನೆಗೆ ಬಂದರೆ ಆಳುಗಳೆಲ್ಲ ಬಿಟ್ಟುಹೋಗುವರೆಂದು ಒಬ್ಬರು ಅಂಜಿದರು. ಹೆಂಡತಿಯನ್ನು ಕೇಳಿ ಹೇಳಬೇಕೆಂದು ಇನ್ನೊಬ್ಬರು ನುಣುಚಿಕೊಂಡರು. ನ್ಯೂಯಾರ್ಕಿನಲ್ಲಿಯೂ ಲಂಡನ್ನಿನಲ್ಲಿಯೂ ಕೋಣೆ ದೊರೆತಿದ್ದ ವಿದ್ವಾಂಸನಿಗೆ, ತನ್ನನ್ನು ಓದಿಸಿದ ಅರಸನ ರಾಜಧಾನಿಯಲ್ಲಿ ಒಂದು ರಾತ್ರಿ ಕಳೆಯಲು ಸ್ಥಳ ದೊರೆಯಲಿಲ್ಲ. ಮುಂಬಯಿಯ ರೈಲು ಇದ್ದುದು ರಾತ್ರಿ 9 ಗಂಟೆಗೆ. ಅಲ್ಲಿಯವರೆಗೆ ಅವರು ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಕಾಲ ಕಳೆದರು. ವರ್ಷಗಳುರುಳಿದ ಮೇಲೂ ಈ ಪ್ರಸಂಗವನ್ನು ನೆನೆದಾಗಲೆಲ್ಲ ಅವರ ಕಣ್ಣುಗಳು ತುಂಬಿಬರುತ್ತಿದ್ದುವು.

ಅಪಮಾನವು ಅವರ ವಿದ್ಯಾಕಾಂಕ್ಷೆಯನ್ನು ಕುಗ್ಗಿಸಲಿಲ್ಲ. ಲಂಡನ್ನಿನ ವ್ಯಾಸಂಗವನ್ನು ಪೂರ್ಣಗೊಳಿಸಲೇಬೇಕೆಂಬ ಹಟದಿಂದ, ಮುಂಬಯಿಯ ಸಿಡನ್ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ದುಡಿದು ಹಣ ಕೂಡಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ನ್ಯೂಯಾರ್ಕಿನ ಹಳೆಯ ಗೆಳೆಯ ನವಲ್ ಭತೇನಾ 5000 ರೂಪಾಯಿ ಸಾಲ ಕೊಟ್ಟರು. ಬರೋಡದಲ್ಲಿ ಹೊರಗಟ್ಟಿದವರೂ ಪಾರ್ಸಿಗಳೇ, ಆಪತ್ತಿಗಾದ ಗೆಳೆಯರೂ ಪಾರ್ಸಿಯೇ. ಒಂದು ಸಮುದಾಯದ ಕೆಲವರು ಮಾಡಿದ ಅನ್ಯಾಯವನ್ನು ಇಡೀ ಸಮುದಾಯದ ತಲೆಗೆ ಕಟ್ಟಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1920ರಲ್ಲಿ ಅಂಬೇಡ್ಕರರು ಪುನಃ ಲಂಡನ್ನಿಗೆ ಹೋದರು. ಈ ಸಲ ಬದುಕು ಇನ್ನೂ ಬಿಗಿಯಾಗಿತ್ತು. ಬಾಡಿಗೆಯ ಬಿಡಾರದ ಒಡತಿ ಜಿಪುಣೆ; ಅವಳು ಬೆಳಿಗ್ಗೆ ಕೊಡುತ್ತಿದ್ದುದು ಒಂದು ಚೂರು ರೊಟ್ಟಿ, ಒಂದು ತುಂಡು ಮೀನು, ಒಂದು ಬಟ್ಟಲು ಚಹಾ. ಅಷ್ಟನ್ನೇ ತಿಂದು ಅವರು ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯಕ್ಕೆ ನಡೆಯುತ್ತಿದ್ದರು. ಸಂಜೆಯವರೆಗೆ ಅಲ್ಲಿ ಓದು. ಕೋಣೆಗೆ ಮರಳಿದ ಮೇಲೆ ಮತ್ತೆ ಓದು. ರಾತ್ರಿ ಹಸಿವು ತಾಳಲಾರದಾದಾಗ, ಊರಿನ ಕಡೆಯ ಪರಿಚಿತರೊಬ್ಬರು ಕೊಟ್ಟಿದ್ದ ಹಪ್ಪಳಗಳನ್ನು ತಗಡಿನ ಮೇಲೆ ಸುಟ್ಟು ತಿಂದು, ಒಂದು ಬಟ್ಟಲು ಹಾಲು ಕುಡಿಯುತ್ತಿದ್ದರು. ನಡುರಾತ್ರಿ ಎಚ್ಚರಗೊಂಡ ಕೋಣೆಯ ಸಂಗಡಿಗರು ಮಲಗಲು ಹೇಳಿದರೆ, ಹಣವೂ ಸಮಯವೂ ತಮ್ಮಲ್ಲಿ ಹೆಚ್ಚಿಲ್ಲವೆಂದು ಉತ್ತರಿಸುತ್ತಿದ್ದರು. ಈ ತಪಸ್ಸು ಫಲಿಸಿತು. 1921ರಲ್ಲಿ ಎಂ.ಎಸ್‌ಸಿ. ಪದವಿ ಬಂದಿತು, 1922ರಲ್ಲಿ ಬ್ಯಾರಿಸ್ಟರ್ ಆದರು, 1923ರಲ್ಲಿ ರೂಪಾಯಿಯ ಸಮಸ್ಯೆಯನ್ನು ಕುರಿತ ಮಹಾಪ್ರಬಂಧಕ್ಕೆ ಡಿ.ಎಸ್‌ಸಿ. ಪದವಿ ದೊರೆಯಿತು.

ಸ್ವತಂತ್ರ ಭಾರತದ ಸಂವಿಧಾನದ ಕರಡು ಸಮಿತಿಗೆ 1947ರ ಆಗಸ್ಟಿನಲ್ಲಿ ಅವರು ಅಧ್ಯಕ್ಷರಾದರು. 1950ರ ಜನವರಿ 26ರಂದು ಜಾರಿಗೆ ಬಂದ ಆ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಧರ್ಮ, ಜಾತಿ, ಲಿಂಗ ಮೊದಲಾದ ಕಾರಣಗಳಿಗಾಗಿ ಯಾವ ಪ್ರಜೆಯನ್ನೂ ಅಂಗಡಿ, ಉಪಾಹಾರಗೃಹ, ಹೋಟೆಲುಗಳಿಂದಾಗಲಿ, ಸಾರ್ವಜನಿಕರ ಬಾವಿ, ಕೆರೆ, ರಸ್ತೆಗಳಿಂದಾಗಲಿ ತಡೆಯಬಾರದೆಂದು 15ನೆಯ ವಿಧಿ ಸಾರಿತು. ಆ ವಿಧಿಯಲ್ಲಿ ಹೋಟೆಲು ಎಂಬ ಮಾತನ್ನು ಓದುವಾಗ, ಬರೋಡದ ಉದ್ಯಾನದಲ್ಲಿ ರೈಲಿಗಾಗಿ ಕಾದು ಕುಳಿತ ತರುಣನನ್ನು ನೆನೆಯದಿರುವುದು ಸಾಧ್ಯವಿಲ್ಲ.

1921-22ರಲ್ಲಿ ಅಂಬೇಡ್ಕರರು ವಾಸವಾಗಿದ್ದ, ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯ 10ನೆಯ ಸಂಖ್ಯೆಯ ಮನೆಯನ್ನು ಮಹಾರಾಷ್ಟ್ರ ಸರ್ಕಾರವು 2015ರಲ್ಲಿ ಕೊಂಡು ಸ್ಮಾರಕವನ್ನಾಗಿ ಮಾಡಿತು. ಅಂಬೇಡ್ಕರರಾದರೋ 1930ರ ದಶಕದಲ್ಲಿಯೇ, ಮುಂಬಯಿಯ ದಾದರಿನಲ್ಲಿ ರಾಜಗೃಹವೆಂಬ ಸ್ವಂತ ಮನೆಯನ್ನು ಕಟ್ಟಿಸಿಕೊಂಡಿದ್ದರು. ಆ ಮನೆಯಲ್ಲಿ ಅವರು ವಿಶಾಲವಾದ ಜಾಗವನ್ನು ಮೀಸಲಿಟ್ಟುದು ತಮ್ಮ ಸಾವಿರಾರು ಪುಸ್ತಕಗಳಿಗೆ.