ಆಫ್ರಿಕಾದಲ್ಲಿ ಒಂದೇ ಪಕ್ಷ ಯಾಕೆ ಉಳಿಯಿತು?

ನಮ್ಮ ಭಾಗ 1956ರಲ್ಲಿ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆಗಿನಿಂದ 1983ರ ತನಕ ಇಲ್ಲಿ ಕಾಂಗ್ರೆಸ್ಸಿನವರೇ ಮುಖ್ಯಮಂತ್ರಿ. ನಡುವೆ ರಾಷ್ಟ್ರಪತಿ ಆಳ್ವಿಕೆ ಬಂದದ್ದು, 1969ರಲ್ಲಿ ಪಕ್ಷ ಒಡೆದದ್ದು ಬೇರೆ ಮಾತು. ಸ್ವಾತಂತ್ರ್ಯ ತಂದ ಪಕ್ಷ ಅಂತ ಜನ ಓಟು ಹಾಕುತ್ತಿದ್ದರು ಎಂದು ನಮ್ಮ ಅಜ್ಜ ಹೇಳುತ್ತಾರೆ. ಆದರೆ ಬೇರೆ ಪಕ್ಷ ಇರಬಾರದು ಎಂಬ ಕಾಯ್ದೆ ನಮ್ಮಲ್ಲಿ ಇರಲಿಲ್ಲ. ಆಫ್ರಿಕಾದ ಎಷ್ಟೋ ದೇಶಗಳು ಅಂಥ ಕಾಯ್ದೆಯನ್ನೇ ಮಾಡಿದವು. ಘಾನಾ 1964ರಲ್ಲಿ, ತಾಂಜಾನಿಯಾ 1965ರಲ್ಲಿ, ಮಲಾವಿ 1966ರಲ್ಲಿ, ಜಾಂಬಿಯಾ 1972ರಲ್ಲಿ.

ಯಾಕೆ? ಅಲ್ಲಿಯ ಗಡಿಗಳನ್ನು ಯುರೋಪಿನವರು ಹಾಕಿದ್ದರು. ಹೊಲದವರನ್ನು ಕೇಳದೇ ಬದು ಹಾಕಿದಂಗ! ತಾಂಜಾನಿಯಾ ಒಂದರಲ್ಲೇ 120ಕ್ಕೂ ಹೆಚ್ಚು ಬುಡಕಟ್ಟುಗಳಿವೆ. ಒಂದೊಂದು ಬುಡಕಟ್ಟಿಗೆ ಒಂದೊಂದು ಪಕ್ಷವಾದರೆ ದೇಶ ಒಡೆಯುತ್ತದೆ ಎಂದು ನಾಯಕರು ಹೇಳಿದರು. ಈ ಹೆದರಿಕೆ ಪೂರಾ ಸುಳ್ಳಲ್ಲ. ಕಾಂಗೋ 1960ರ ಜೂನ್ 30ಕ್ಕೆ ಸ್ವತಂತ್ರವಾಯಿತು, ಜುಲೈ 11ಕ್ಕೇ ಕಟಾಂಗಾ ಪ್ರಾಂತದವರು ನಾವು ಬೇರೆ ಎಂದು ಸಾರಿದರು.

ತಾಂಜಾನಿಯಾದ ಜೂಲಿಯಸ್ ನೈರೇರೆ ಇನ್ನೊಂದು ಕಾರಣ ಕೊಟ್ಟರು. ನಮ್ಮ ಹಳ್ಳಿಯ ಹಿರಿಯರು ಗಿಡದ ಕೆಳಗೆ ಕುಂತು ಎಲ್ಲರೂ ಒಪ್ಪುವ ತನಕ ಮಾತಾಡುತ್ತಾರೆ, ವಿರೋಧ ಪಕ್ಷ ಯಾಕೆ ಬೇಕು ಎಂಬುದು ಅವರ ವಾದ. ಕೇಳಲು ಚಂದ ಐತಿ. ಆದರೆ ನಮ್ಮೂರ ಕಟ್ಟಿ ಮ್ಯಾಲೆ ಹಿರಿಯರು ಕೂತಾಗ ಅಲ್ಲಿ ಹೆಣ್ಣುಮಕ್ಕಳು ಕೂತದ್ದನ್ನು ನಾನಂತೂ ನೋಡಿಲ್ಲ. ಹಂಗಾದ್ರ ಎಲ್ಲಾರೂ ಒಪ್ಪಿದರು ಅನ್ನೋದು ಹೆಂಗ? ಆದರೂ ಅಲ್ಲಿ 1965ರ ಚುನಾವಣೆಯಲ್ಲಿ ಒಂದೇ ಪಕ್ಷದ ಇಬ್ಬರು ಎದುರುಬದುರು ನಿಂತರು. ಒಬ್ಬರ ಗುರುತು ಗುದ್ದಲಿ, ಇನ್ನೊಬ್ಬರದು ಮನೆ. ಕೆಲವು ಮಂತ್ರಿಗಳೂ ಸೋತರು!

ಕುರ್ಚಿಯ ಆಸೆಯೂ ಒಂದು ಕಾರಣವೇ. ಘಾನಾದಲ್ಲಿ 1958ರ ಕಾಯ್ದೆಯಂತೆ ವಿಚಾರಣೆ ಇಲ್ಲದೆ 5 ವರ್ಷ ಜೈಲಿನಲ್ಲಿ ಇಡಬಹುದಿತ್ತು. ಎದುರು ಮಾತಾಡಿದವರು ಒಳಗೆ ಹೋದರು.

ಓಟಿನಿಂದ ಸರಕಾರ ಇಳಿಸಲು ಆಗದಿದ್ದರೆ ಏನಾಗುತ್ತದೆ? ನಮ್ಮ ಪಕ್ಕದ ನರಗುಂದದ್ದೇ ನೋಡಿರಿ. ಮಲಪ್ರಭಾ ನೀರಾವರಿಯ ಕರ ಕಟ್ಟಲಾರೆವು ಎಂದು ರೈತರು ಎದ್ದರು. 1980ರ ಜುಲೈ 21ರಂದು ಅಲ್ಲಿ ಗೋಲಿಬಾರ್ ಆಯಿತು. ಆ ಸಿಟ್ಟು ರಾಜ್ಯಕ್ಕೆಲ್ಲ ಹಬ್ಬಿತು. 1983ರ ಚುನಾವಣೆಯಲ್ಲಿ ಜನ ಸರಕಾರವನ್ನೇ ಬದಲಿಸಿದರು, ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಘಾನಾದ ಜನರಿಗೆ ಆ ದಾರಿ ಇರಲಿಲ್ಲ. ಅಲ್ಲಿ 1966ರಲ್ಲಿ ಅಧ್ಯಕ್ಷ ಎನ್‌ಕ್ರುಮಾ ಅವರನ್ನು ಇಳಿಸಿದ್ದು ಸೈನ್ಯ.

ಜಾಂಬಿಯಾದಲ್ಲಿ ಮತ್ತೆ ಬೇರೆ ಪಕ್ಷಗಳಿಗೆ ಅವಕಾಶ ಸಿಕ್ಕಿತು. 27 ವರ್ಷ ಅಧ್ಯಕ್ಷರಾಗಿದ್ದ ಕೌಂಡಾ 1991ರಲ್ಲಿ ಓಟಿನಲ್ಲಿ ಸೋತು ಇಳಿದರು. ಎರಿಟ್ರಿಯಾದಲ್ಲಿ ಇಂದಿಗೂ ಒಂದೇ ಪಕ್ಷ ಐತಿ.