ನೇಮಕಾತಿ ಆದೇಶಕ್ಕೆ ಮುನ್ನ ಸಾಲದ ಲೆಕ್ಕ ನೋಡಿಕೊಳ್ಳಿ

ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿಯಲ್ಲಾಗಲಿ, ಆಚೀಚಿನ ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣಗಳಲ್ಲಾಗಲಿ, ಬ್ಯಾಂಕ್ ಪರೀಕ್ಷೆಗೆ, ಕೇಂದ್ರ ಸರ್ಕಾರದ ಹುದ್ದೆಗಳಿಗೆ ಓದುವವರು ಪಠ್ಯಕ್ರಮ ನೋಡುತ್ತಾರೆ, ಕಟ್‌ಆಫ್ ನೋಡುತ್ತಾರೆ. ಸಾಲದ ಷರತ್ತು ಮಾತ್ರ ಕಣ್ತಪ್ಪುತ್ತದೆ. ಆಯ್ಕೆಯಾದ ಮೇಲೂ ಕೆಲಸ ತಪ್ಪಿಸಬಲ್ಲ ಷರತ್ತು ಅದು.

ಸ್ಟೇಟ್ ಬ್ಯಾಂಕಿನ ಅಧಿಸೂಚನೆಗಳಲ್ಲಿ ವಿಷಯ ನೇರವಾಗಿದೆ: ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿಯಲ್ಲಿ ಸುಸ್ತಿಯಾದ ದಾಖಲೆಯಿದ್ದವರು ನೇಮಕಕ್ಕೆ ಅರ್ಹರಲ್ಲ. ಹೀಗೆ ನೇಮಕಾತಿ ಆದೇಶ ರದ್ದಾದ ಅಭ್ಯರ್ಥಿಯೊಬ್ಬರು, ಸಾಲವನ್ನೆಲ್ಲ ತೀರಿಸಿದ್ದೇನೆ ಎಂದು ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿದರು. 2025ರ ಜೂನ್‌ನಲ್ಲಿ ತೀರ್ಪು ಬ್ಯಾಂಕಿನ ಪರವಾಯಿತು. ಇತರ ಸರ್ಕಾರಿ ಬ್ಯಾಂಕುಗಳಿಗೆ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಅಧಿಸೂಚನೆಗಳು ಸ್ವಲ್ಪ ಮೆತ್ತಗಿವೆ: ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ಕೆಟ್ಟದಾಗಿ ಕಾಣುವ ಖಾತೆಗೆ ಬಾಕಿ ಇಲ್ಲವೆಂಬ ಪತ್ರವನ್ನು ಸಾಲ ಕೊಟ್ಟವರಿಂದ ತಂದರೆ ಕೆಲಸಕ್ಕೆ ಸೇರಬಹುದು.

ಮೊದಲ ಕೆಲಸ, ಅರ್ಜಿ ಹಾಕುವ ಮುಂಚೆಯೇ ನಿಮ್ಮ ಸಾಲದ ವರದಿ ತರಿಸುವುದು. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಇದಕ್ಕೆ ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ.

ವರದಿ ಬಂದಾಗ 300ರಿಂದ 900ರ ನಡುವಿನ ಅಂಕ ನೋಡಿ ಪಕ್ಕಕ್ಕಿಡಬೇಡಿ. ಪ್ರತಿ ಸಾಲದ ಕೆಳಗೆ ತಿಂಗಳಿಗೊಂದು ಚೌಕವಿರುತ್ತದೆ. ಅದರಲ್ಲಿ 000 ಇದ್ದರೆ ಆ ತಿಂಗಳು ಬಾಕಿ ಇಲ್ಲ, 090 ಇದ್ದರೆ ಕಂತು ತೊಂಬತ್ತು ದಿನ ತಡವಾಗಿದೆ. ಖಾತೆಯ ಸ್ಥಿತಿಯ ಜಾಗದಲ್ಲಿ ‘ಸೆಟಲ್ಡ್’ ಎಂದಿದ್ದರೆ ಬ್ಯಾಂಕ್ ಒಂದಿಷ್ಟು ಬಿಟ್ಟುಕೊಟ್ಟು ಮುಗಿಸಿದೆ ಎಂದರ್ಥ. ಅದು ಪೂರ್ತಿ ತೀರಿದ ಸಾಲಕ್ಕೆ ಸಮವಲ್ಲ. ಕೈಲಾದರೆ ಉಳಿದದ್ದನ್ನೂ ಕಟ್ಟಿ ಬೇಬಾಕಿ ಪತ್ರ ಪಡೆಯಿರಿ. ಅಪ್ಪನ ಬೆಳೆಸಾಲ ಅಪ್ಪನ ಹೆಸರಲ್ಲಿ ಮಾತ್ರ ಇದ್ದರೆ ನಿಮಗೆ ಅಂಟುವುದಿಲ್ಲ. ನೀವು ಸಹಸಾಲಗಾರರಾಗಿದ್ದರೆ, ಗೆಳೆಯನ ಬೈಕ್ ಸಾಲಕ್ಕೆ ಜಾಮೀನು ಹಾಕಿದ್ದರೆ ಮಾತು ಬೇರೆ. ಶಿಕ್ಷಣ ಸಾಲ, ಮೈಕ್ರೋಫೈನಾನ್ಸ್ ಗುಂಪಿನ ಸಾಲ, ಮೊಬೈಲ್ ಆ್ಯಪ್‌ನ ಎರಡು ಸಾವಿರದ ಸಾಲವೂ ಲೆಕ್ಕಕ್ಕೆ ಬರುತ್ತದೆ.

ಕಟ್ಟಿದ ಸಾಲ ಇನ್ನೂ ಬಾಕಿ ಎಂದೇ ತೋರಿಸುತ್ತಿದ್ದರೆ ವರದಿ ಕೊಟ್ಟ ಸಂಸ್ಥೆಗೆ ದೂರು ಕೊಡಿ, ಬ್ಯಾಂಕಿಗೂ ಬರೆಯಿರಿ. 30 ದಿನದೊಳಗೆ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಆಗಲೂ ಜಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಇನ್ನು ನೇಮಕದ ಹೊತ್ತಿನ ಪೊಲೀಸ್ ಪರಿಶೀಲನೆ. ಸಾಲ ಬಾಕಿ ಇರುವುದೇ ಅಪರಾಧವಲ್ಲ. ಅಪಾಯ ಇರುವುದು ಕೈಸಾಲಕ್ಕೆ ಭದ್ರತೆಯೆಂದು ಕೊಟ್ಟ ಖಾಲಿ ಚೆಕ್‌ನಲ್ಲಿ. ಅದು ಬೌನ್ಸ್ ಆಗಿ ನೋಟಿಸ್ ಕೈಸೇರಿದರೆ 15 ದಿನದೊಳಗೆ ಹಣ ಕೊಡಬೇಕು. ಇಲ್ಲವಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್‌ನಡಿ ಕ್ರಿಮಿನಲ್ ಕೇಸಾಗುತ್ತದೆ, ಎರಡು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ನೋಟಿಸನ್ನು ದಯವಿಟ್ಟು ಅಟ್ಟಕ್ಕೆ ಎಸೆಯಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಇಂಥ ಕೇಸು ಲೋಕ ಅದಾಲತ್‌ನಲ್ಲಿ ರಾಜಿಯಾಗುತ್ತದೆ.

ಕೇಂದ್ರ ಸರ್ಕಾರದ ದೃಢೀಕರಣ ನಮೂನೆಯಲ್ಲಿ ಕೋರ್ಟಿನಲ್ಲಿ ಕೇಸು ಇದೆಯೇ ಎಂದು ಕೇಳುತ್ತಾರೆ. ಇದ್ದರೆ ಇದೆ ಎಂದೇ ಬರೆಯಿರಿ. ಮಾಹಿತಿ ಮುಚ್ಚಿಟ್ಟರೆ ನೇಮಕ ರದ್ದಾಗಬಹುದೆಂದು 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಣ್ಣ ಕೇಸಿಗಿಂತ ಮುಚ್ಚಿಟ್ಟದ್ದೇ ಹೆಚ್ಚು ಮುಳುವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲಸ ಸಿಕ್ಕಿತೆಂದು ಇದು ಮುಗಿಯುವುದಿಲ್ಲ. ಕೇಂದ್ರ ನಾಗರಿಕ ಸೇವಾ ನಡತೆ ನಿಯಮ, 1964ರ 17ನೇ ನಿಯಮದಂತೆ ನೌಕರ ಸದಾ ಸಾಲದಲ್ಲಿ ಮುಳುಗಿರಬಾರದು. ಸಾಲ ವಸೂಲಿಗೆ ಕೋರ್ಟಿನಲ್ಲಿ ತನ್ನ ಮೇಲೆ ದಾವೆ ಹೂಡಿದರೆ ಇಲಾಖೆಗೆ ತಾನೇ ತಿಳಿಸಬೇಕು.

ನಿಮ್ಮ ಮನೆಯಲ್ಲಿ ಯಾರಾದರೂ ಈ ವರ್ಷ ಪರೀಕ್ಷೆ ಬರೆಯುತ್ತಿದ್ದರೆ ಈ ವಾರವೇ ಅವರ ವರದಿ ತರಿಸಿ ನೋಡಿ. ಕೆಲಸ ಸಿಗುವವರೆಗೆ ಯಾರ ಸಾಲಕ್ಕೂ ಅವರಿಂದ ಜಾಮೀನು ಸಹಿ ಹಾಕಿಸಬೇಡಿ.