ಹಳೆಯ ಯೆಜ್ಡಿಯಲ್ಲಿ ಎಣ್ಣೆ ಸೋರಿದರೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಯ ಯೆಜ್ಡಿಯನ್ನು ಹೊಳಲ್ಕೆರೆ, ಹೊಸದುರ್ಗದ ತೋಟದ ದಾರಿಯಲ್ಲಿ ಇನ್ನೂ ಓಡಿಸುವ ಸದಸ್ಯರಿಗೆ ಈ ಮಾತು.

ನೆಲದ ಮೇಲೆ ಎಣ್ಣೆಯ ಕಲೆ ಕಂಡೊಡನೆ ಎಂಜಿನ್ ಬಿಚ್ಚಿಸಬೇಡಿ. ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಲ್ಲ. ಓಡುವಾಗ ಗಾಳಿಗೆ ಎಣ್ಣೆ ಹಿಂದಕ್ಕೂ ಕೆಳಕ್ಕೂ ಹರಿಯುತ್ತದೆ. ಎಂಜಿನ್ ತಣಿದ ಮೇಲೆ ಸೀಮೆಎಣ್ಣೆಯಿಂದ ಒರೆಸಿ, ಒಣಗಿಸಿ, ಸೀಮೆಸುಣ್ಣದ ಪುಡಿ ಸವರಿ. ಎರಡು ಕಿಲೋಮೀಟರ್ ಓಡಿಸಿ ನೋಡಿ. ಪುಡಿ ನೆನೆದ ಎಲ್ಲಕ್ಕಿಂತ ಮೇಲಿನ ಜಾಗವೇ ಮೂಲ.

ಎಡಗಡೆ ಕ್ಲಚ್ ಕವರಿನ ಅಂಚಾದರೆ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಅತಿಯಾದರೆ ಥ್ರೆಡ್ ಹಾಳು. ನಿಲ್ಲದಿದ್ದರೆ ಪ್ಯಾಕಿಂಗ್ ಬದಲಿಸಿ. ಕಿಕ್ಕರಿನ ಬುಡದಲ್ಲಾದರೆ ಮೆಕ್ಯಾನಿಕ್‌ಗೆ ತೋರಿಸಿ.

ಗೇರ್ ಎಣ್ಣೆಯ ಮಟ್ಟ ಮರೆಯದೆ ನೋಡಿ. ಪೆಟ್ರೋಲಿಗೆ ಬೆರೆಸುವ ಎಣ್ಣೆ ಗೇರಿಗೆ ತಲುಪದು. ಹಿಂದಿನ ಟೈರಿಗೆ ಎಣ್ಣೆ ತಗುಲಿದ್ದರೆ ತೊಳೆಯದೆ ಹೊರಡಬೇಡಿ. ಅಡಿಕೆ ಚೀಲಕ್ಕಿಂತ ಸವಾರನ ಜೀವ ದೊಡ್ಡದು.